ನಜರ ಗಹಾಣ

ನವಲಗುಂದದಲ್ಲಿ ಜಮಖಾನ ನೇಯುವವರ ಓಣಿಯೊಂದರಲ್ಲಿ ಹಸನಬಿ ಎಂಬ ಹೆಂಗಸಿದ್ದಳು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಾರ ಮನೆಯ ಸಂಬಂಧ ಕುದುರಬೇಕಾದರೂ, ಯಾರ ಕೂಸಿಗೆ ಮೈ ಬಿಸಿಯಾದರೂ ಓಣಿಯವರು ಮೊದಲು ಅವಳನ್ನು ಕೇಳುತ್ತಿದ್ದರು. ಗಂಡ ತೀರಿದ ಮೇಲೆ ಮಗ ಹಜರತಅಲಿಯನ್ನು ಮಗ್ಗದ ದುಡಿಮೆಯಲ್ಲೇ ಸಾಕಿ, ಅರಳೆ ಕಾರ್ಖಾನೆಯಲ್ಲಿ ಹಮಾಲಿಗೆ ಹಚ್ಚಿದ್ದಳು.

ಮಗ್ಗವೆಂದರೆ ಪಡಸಾಲೆಯಲ್ಲಿ ತೊಲೆ ಮುಟ್ಟುವ ಹಾಗೆ ಎದ್ದುನಿಂತ ಮಗ್ಗ. ಅದರ ಮುಂದೆ ಇಬ್ಬರು ಹೆಂಗಸರು ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು, ಬಣ್ಣದ ನೂಲನ್ನು ಬೆರಳಿನಿಂದಲೇ ಹೆಣೆದು, ಕಬ್ಬಿಣದ ಹಣಿಗೆಯಿಂದ ಬಡಿದು ಕೂಡಿಸಬೇಕು. ಆ ಓಣಿಯವರು ಈ ವಿದ್ಯೆಯನ್ನು ಹೆತ್ತ ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲ. ಮಗಳು ಇನ್ನೊಬ್ಬರ ಮನೆಗೆ ಹೋಗುವವಳು, ಸೊಸೆ ತಮ್ಮ ಮನೆಗೆ ಬರುವವಳು, ಕಲಿಸುವುದೇನಿದ್ದರೂ ಸೊಸೆಗೆ. ಹಾಗಾಗಿ ಹಸನಬಿ ತನಗೆ ಗೊತ್ತಿದ್ದದ್ದನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡು ಸೊಸೆಯ ದಾರಿ ಕಾದಿದ್ದಳು. ಶಲವಡಿಯಿಂದ ಜೈನಬಿ ಬಂದಳು. ಆಕೆಯ ಕೈಯಿಂದ ಇಳಿದ ಮೊದಲ ಜಮಖಾನದ ನವಿಲುಗಳನ್ನು ನೋಡಿ ಎದುರುಮನೆಯ ಮುದುಕಿ ಮೀರಾಬಿ, "ಹಸನಬಿ, ನಿನ್ನ ನವಿಲ ಬರೇ ನಿಂತಿರ್ತಿದ್ವು. ಇಕೀ ನವಿಲ ನಡ್ಯಾಕ ಹತ್ಯಾವ ನೋಡು" ಎಂದಿದ್ದಳು. ಹಸನಬಿಗೆ ಹೊಟ್ಟೆಕಿಚ್ಚಾಗಲಿಲ್ಲ. ಹಿಗ್ಗಾಯಿತು.

ಆ ಮಳೆಗಾಲದಲ್ಲಿ ಮನೆಯ ಹಿಂಬದಿ ಕುಸಿಯಿತು. ಗೋಡೆ, ಮಾಳಿಗೆ, ಒಲೆ ಎಲ್ಲ ಒಂದೇ ಮಣ್ಣಿನ ಗುಡ್ಡೆ. ಜೈನಬಿ ಆಗ ಬಸುರಿ. ಮೊದಲಿನ ಬಸುರು ನಿಂತಿರಲಿಲ್ಲ. ಅಡುಗೆ, ಮಲಗುವುದು, ನೇಯುವುದು ಎಲ್ಲವೂ ಪಡಸಾಲೆಯಲ್ಲೇ ನಡೆಯತೊಡಗಿದಾಗ ಹಸನಬಿ ಮನೆ ಕಟ್ಟಲು ಸಾಲ ಕೊಡುವ ಸೊಸಾಯ್ಟಿಗೆ ಒಬ್ಬಳೇ ಹೋದಳು. ಮನೆ ಅವಳ ಹೆಸರಿನಲ್ಲಿತ್ತು.

ಸೊಸಾಯ್ಟಿಯ ಸೆಕ್ರೆಟರಿ ಪಂಢರಿನಾಥರಾಯರು ಎದ್ದು ಕುರ್ಚಿ ಸರಿಸಿ ಕೊಟ್ಟರು.

"ಕೊಡೋಣ್ರಿ, ಯಾಕ ಕೊಡಬಾರ್ದು. ಮನೀನ ನಜರ ಗಹಾಣ ಬರಕೊಡ್ರಿ, ಆತು."

"ಏನಂದ್ರಿ?"

"ನಜರ ಗಹಾಣ. ಸಾಲಾ ತೀರೂತನಕಾ ಮನೀ ಮ್ಯಾಲೆ ಸೊಸಾಯ್ಟೀ ನಜರ ಇರ್ತದ."

ಅಷ್ಟರಲ್ಲಿ ಯಾರೋ ಕರೆದರು, ರಾಯರು ಒಳಗೆ ಹೋದರು. ಗಹಾಣ ಎಂದರೆ ಅಡವು ಎಂದು ಹಸನಬಿಗೆ ಗೊತ್ತಿತ್ತು. ಆದರೆ ಅವಳ ಮನೆಯಲ್ಲಿ ನಜರ ಎಂದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಕೆಟ್ಟ ಕಣ್ಣು. ಹೋದ ಕೂಸು ಹೋದದ್ದೂ ಯಾರದೋ ನಜರದಿಂದಲೇ ಎಂದು ಅವಳು ನಂಬಿದ್ದಳು. ಈಗ ಬಸುರಿ ಇರುವ ಮನೆಯ ಮೇಲೆ ಕಾಗದ ಬರೆದು, ಹೆಬ್ಬೆಟ್ಟೊತ್ತಿ, ತಾನೇ ನಜರ ಹಾಕಿಸಿಕೊಳ್ಳುವುದೇ? ರಾಯರು ಹೊರಗೆ ಬಂದಾಗ ಕುರ್ಚಿ ಖಾಲಿಯಾಗಿತ್ತು.

ಪೇಟೆಯಲ್ಲಿ ಹತ್ತಿಕಾಳಿನ ವ್ಯಾಪಾರಿ ಕೃಷ್ಣಾಜಿ ಅವಳ ಮಾತು ಕೇಳಿದ. ಸಭ್ಯ ಮನುಷ್ಯ. "ಬಡ್ಡೀ ಮಾತ ಬ್ಯಾಡ ಅವ್ವಾ, ನಿಮ್ಮ ದೀನದಾಗ ಬಡ್ಡಿ ನಡ್ಯೂದಿಲ್ಲ ಅನ್ನೂದು ನನಗೂ ಗೊತ್ತದ. ತಾಬೆ ಗಹಾಣ ಮಾಡೂಣು. ಪಡಸಾಲಿ ನನ್ನ ತಾಬಾದಾಗ ಇರ್ಲಿ, ನನ್ನ ಚೀಲಾ ಇಟ್ಕೋತೀನಿ. ಬಡ್ಡಿಗೂ ಬಾಡಿಗಿಗೂ ವಜಾ, ನೀವು ಬಡ್ಡಿ ಕೊಡೂದಿಲ್ಲ, ನಾ ಬಾಡಿಗಿ ಕೊಡೂದಿಲ್ಲ. ಅಸಲ ತಂದ ದಿನಾ ಕೀಲಿ ನಿಮ್ಮ ಕೈಯಾಗ."

ಬಡ್ಡಿ ಇಲ್ಲ, ನಜರ ಇಲ್ಲ. ಮಗ್ಗವನ್ನು ಹಿಂದೆ ಕಟ್ಟುವ ಕೋಣೆಗೆ ಒಯ್ದರಾಯಿತು ಎಂದುಕೊಂಡು ಹಸನಬಿ ಒಪ್ಪಿದಳು.

ಮನೆಯಲ್ಲಿ ಹಜರತಅಲಿ ಕೇಳಿದ, "ಸೊಸಾಯ್ಟಿಯವ್ರು ಏನಂದ್ರು ಅಮ್ಮಾ?"

ಜೈನಬಿ ಬಾಜೂಕೆ ಕೂತಿದ್ದಳು. ಬಸುರಿಯ ಕಿವಿಗೆ ಆ ಶಬ್ದ ಬೀಳಬಾರದೆನಿಸಿತು ಹಸನಬಿಗೆ. "ಒಲ್ಲೆ ಅಂದ್ರು" ಎಂದಳು. ಓಣಿಯವರು ಕೇಳಿದಾಗಲೂ ಅದನ್ನೇ ಹೇಳಿದಳು. ಪಡಸಾಲೆಯಲ್ಲಿ ಮಗ್ಗ ಬಿಚ್ಚುವ ದಿನ ಜೈನಬಿ ಕಂಬ ಹಿಡಿದು ಅತ್ತಾಗ, "ಆ ಸೊಸಾಯ್ಟಿಯವ್ರ ಬಾಯಾಗ ಮಣ್ಣ ಬೀಳ್ಲಿ" ಎಂದು ಬೈದದ್ದೂ ಅವಳೇ.

ಕೃಷ್ಣಾಜಿ ಕೊಟ್ಟ ರೊಕ್ಕಕ್ಕೆ ಹಿಂದೆ ಗಿಡ್ಡ ಗೋಡೆ ಎದ್ದು ತಗಡಿನ ಚಾವಣಿ ಕೂತಿತು. ತೊಲೆ ಮುಟ್ಟುವ ಮಗ್ಗ ಅಷ್ಟು ಗಿಡ್ಡ ಕೋಣೆಯಲ್ಲಿ ನಿಲ್ಲಲಿಲ್ಲ. ಅದರ ಕಂಬಗಳನ್ನು ಗೋಡೆಗುಂಟ ಮಲಗಿಸಿದರು. ಜೈನಬಿ ಹೆಣ್ಣು ಹಡೆದಳು, ಕೂಸು ಗಟ್ಟಿಮುಟ್ಟಾಗಿತ್ತು, ಮಲಿಕಾಬಿ ಎಂದು ಹೆಸರಿಟ್ಟರು. ಕೂಸಿನ ಮುಖ ನೋಡಿದಾಗೆಲ್ಲ ಹಸನಬಿ, ನಾನು ಮಾಡಿದ್ದು ಸರಿ ಎಂದು ಗಟ್ಟಿಯಾಗುತ್ತಿದ್ದಳು. ಕೂಸಿನ ತಾಯಿಯ ಮುಖ ನೋಡಿದಾಗ ಆ ಗಟ್ಟಿತನ ಇರುತ್ತಿರಲಿಲ್ಲ.

ಮಗ್ಗ ಮಲಗಿದ ಮೇಲೆ ಜೈನಬಿ ಹತ್ತಿ ಬಿಡಿಸಲು ಕೂಲಿಗೆ ಹೊರಟಳು. ಹಜರತಅಲಿ ಒಂದಿಷ್ಟು ಕೂಡಿಸಿಕೊಂಡು ಕೃಷ್ಣಾಜಿಯ ಅಂಗಡಿಗೆ ಹೋದರೆ ಅವನು ನಕ್ಕ. "ನೀ ಚೂರ ಚೂರ ತಂದ್ರ ನಾ ಪಡಸಾಲಿ ಚೂರ ಚೂರ ಹೆಂಗ ಬಿಡ್ಲಿ ತಮ್ಮಾ? ಪೂರಾ ಕೂಡಿಸಿ ಒಮ್ಮೆಲೇ ತಾ." ಪೂರಾ ಎಂದೂ ಕೂಡಲಿಲ್ಲ. ಕೂಡಿದ್ದು ಮನೆಯಲ್ಲಿ ಉಳಿಯಲಿಲ್ಲ. ಕೂಸಿನ ಔಷಧಕ್ಕೋ, ಹಬ್ಬದ ಅರಿವೆಗೋ ಜಾರಿಹೋಗುತ್ತಿತ್ತು. ಬಡ್ಡಿ ಇಲ್ಲದ ಆ ಸಾಲ ಬೆಳೆಯಲೂ ಇಲ್ಲ, ಸವೆಯಲೂ ಇಲ್ಲ. ಪಡಸಾಲೆಯ ಬಾಗಿಲಿಗೆ ಕೃಷ್ಣಾಜಿಯ ಕೀಲಿ ಮಾತ್ರ ಹಾಗೇ ಇತ್ತು. ಎರಡು ಮೂರು ವರ್ಷ ಹೀಗೇ ಕಳೆಯಿತು. ಆ ನಡುವೆ ಮೀರಾಬಿಯ ಮನೆಗೂ ರೊಕ್ಕದ ತೊಂದರೆ ಬಂದು, ಅವಳೂ ಪಡಸಾಲೆಯನ್ನು ಅವನಿಗೇ ತಾಬೆ ಗಹಾಣ ಕೊಟ್ಟಳು.

ಒಂದು ಮಧ್ಯಾಹ್ನ ಜೈನಬಿ ಹಳೆಯ ಜಮಖಾನದ ಹರಿದ ಅಂಚು ಕೂಡಿಸಲು ಕೂತಳು. ಹತ್ತಿಕಾಯಿಯ ಒಣ ಸಿಪ್ಪೆ ಗೀರಿ ಅವಳ ಬೆರಳು ತರಿತರಿಯಾಗಿದ್ದವು. ನೂಲು ಹೆಜ್ಜೆಹೆಜ್ಜೆಗೂ ಚರ್ಮಕ್ಕೆ ಸಿಕ್ಕಿ ಹಿಂಜಿತು.

"ನೂಲಿಗೆ ನನ್ನ ಗುರ್ತ ಹತ್ತವಲ್ದು ಅಮ್ಮಾ" ಎಂದು ನಕ್ಕಳು. ಆಮೇಲೆ ನಗದೆ, "ಆ ಸೊಸಾಯ್ಟೀ ಬೋರ್ಡ ನೋಡಿದ್ರ ಮೈಯೆಲ್ಲಾ ಉರೀತೈತಿ" ಎಂದಳು.

ಹಸನಬಿ ಆ ಬೆರಳುಗಳನ್ನು ಹಿಡಿದು ನೋಡಿದಳು. ಇನ್ನೊಂದು ಸುಗ್ಗಿ ಕಳೆದರೆ ಆ ಕೈ ಮಗ್ಗಕ್ಕೆ ತಿರುಗುವುದಿಲ್ಲವೆಂದು ಅವಳಿಗೆ ತಿಳಿದಿತ್ತು. ಮರುದಿನ ಸೊಸಾಯ್ಟಿಯ ಮೆಟ್ಟಿಲು ಹತ್ತಿದಳು.

"ರಾಯರ, ಅವತ್ತ ನೀವು ನಜರ ಅಂದ್ರಿ. ಏನ ನಜರ ಅದು?"

ಪಂಢರಿನಾಥರಾಯರಿಗೆ ತಾವು ಅಂದು ಆಡಿದ್ದು ಅವಳ ಕಿವಿಯಲ್ಲಿ ಏನಾಗಿತ್ತೆಂದು ಹೊಳೆದಿರಬೇಕು.

"ಬರೇ ಕಣ್ಣಿಡೂದ್ರಿ. ಕೈ ಹಾಕೂದಲ್ಲ. ಮನೀ ನಿಮ್ಮದು, ಇರೋರು ನೀವು. ಕಂತಿನ ಮ್ಯಾಲೆ ಕಟ್ತಾ ಹೋಗೂದು, ಅಸಲ ಕರಗ್ತಾ ಹೋಗ್ತದ. ಬಡ್ಡಿ ಅದ, ಇಲ್ಲನ್ನೂದಿಲ್ಲ. ತಾಬೆ ಗಹಾಣದಾಗ ಬಡ್ಡೀ ಬದಲಿ ಜಾಗಾನ ಹೋಗ್ತದ." ಆಮೇಲೆ ಮೆಲ್ಲಗೆ, "ಅವತ್ತೇ ತಗೊಂಡಿದ್ರ ಇಷ್ಟೊತ್ತಿಗೆ ಅರ್ಧಾ ತೀರ್ತಿತ್ತಲ್ರಿ" ಎಂದರು.

ಕೃಷ್ಣಾಜಿಯ ಅಸಲನ್ನು ತೀರಿಸಲು ಸೊಸಾಯ್ಟಿಯೇ ಸಾಲ ಕೊಡಬಲ್ಲದು. ಮಗ ಸೊಸೆ ಇಬ್ಬರನ್ನೂ ಕರೆದುಕೊಂಡು ಬರಬೇಕು, ಕಂತು ದುಡಿದು ಕಟ್ಟುವವರು ಅವರಲ್ಲವೇ, ಎಂದರು. ಕರೆತಂದರೆ ಇದೇ ಮಾತನ್ನು ರಾಯರು ಅವರ ಎದುರೂ ಆಡುತ್ತಾರೆ. ಕರೆತರದಿದ್ದರೆ ಪಡಸಾಲೆ ಇಲ್ಲ, ಮಗ್ಗವಿಲ್ಲ. ಪರರ ಬಾಯಿಂದ ಗೊತ್ತಾಗುವುದಕ್ಕಿಂತ ತನ್ನ ಬಾಯಿಂದಲೇ ಗೊತ್ತಾಗಲಿ ಎಂದುಕೊಂಡು ಮನೆಗೆ ಬಂದಳು. ಜೈನಬಿ ರೊಟ್ಟಿ ಬಡಿಯುತ್ತಿದ್ದಳು.

"ಸೊಸಾಯ್ಟಿಯವ್ರು ಒಲ್ಲೆ ಅಂದಿರ್ಲಿಲ್ಲ ಜೈನಬಿ. ನಾನ ಒಲ್ಲೆ ಅಂದಿದ್ದೆ."

ಬಡಿಯುವ ಕೈ ನಿಂತಿತು. "ಯಾಕ್ರಿ?"

"ನಜರ ಅಂದ್ರು. ನಿನ್ನ ಹೊಟ್ಟ್ಯಾಗ ಕೂಸಿತ್ತು."

ಜೈನಬಿ ಹಿಟ್ಟಿನ ಕೈಯನ್ನು ನೋಡುತ್ತ ಕೂತಳು. "ಅವತ್ತ ಹೇಳಿದ್ರ ನಾನೂ ಒಲ್ಲೆ ಅಂತಿದ್ದೆ ಅಮ್ಮಾ. ನನಗೇನ ಹೆದರಿಕಿ ಇರ್ಲಿಲ್ಲೇನು? ಆದ್ರ ಮಗ್ಗಾ ಬಿಚ್ಚೂ ಮುಂದ ನಾ ಅಳಾಕ ಹತ್ತಿದ್ದೆ, ನೀವು ಬಾಜೂಕ ನಿಂತು ಅವರ್ನ ಬೈದ್ರಿ. ಅದನ್ನ ಹೆಂಗ ಬೈದ್ರಿ?"

ಹಸನಬಿ ಹೊತ್ತುತ್ತಿದ್ದ ರೊಟ್ಟಿ ತಿರುವಿ ಹಾಕಿದಳು. ಜೈನಬಿಯೇ ಮುಂದುವರಿಸಿದಳು.

"ನಮ್ಮದು ಬಿಡ್ರಿ. ಮೀರಾಬಿ ಅಜ್ಜಿ ಸೊಸಾಯ್ಟೀ ಕಡೆ ಹಾಯಲೇ ಇಲ್ಲ. ಹಸನಬಿಗೇ ಒಲ್ಲೆ ಅಂದವ್ರು ನನಗೇನ ಕೊಡ್ತಾರ ಅಂದ್ಳು, ನನ್ನ ಮುಂದನ."

ಇದು ಹಸನಬಿಗೆ ಈವರೆಗೆ ಹೊಳೆದೇ ಇರಲಿಲ್ಲ.

ಆ ರಾತ್ರಿ ಹಸನಬಿ ಮಗನಿಗೂ ಎಲ್ಲ ಹೇಳಿದಳು. ಸೊಸಾಯ್ಟಿಗೆ ಮೂವರೂ ಹೋದರು. ಅತ್ತೆ ಎದ್ದು ಬಂದಿದ್ದ ಕುರ್ಚಿಯಲ್ಲಿ ಸೊಸೆ ಕೂತು ರಾಯರನ್ನು ಬಿಡದೆ ಕೇಳಿದಳು. ಕಂತು ತಪ್ಪಿದರೆ ಏನು ಮಾಡ್ತೀರಿ? ಮೊದಲೇ ಕಟ್ಟಿದರೆ ಬಡ್ಡಿ ಬಿಡ್ತೀರೋ ಇಲ್ಲವೋ? ಸಾಲ ತೀರಿದ ಮೇಲೆ ನಜರ ತೆಗೆದದ್ದಕ್ಕೆ ಬರೆದುಕೊಡ್ತೀರೇನು? ರಾಯರು ಒಂದೊಂದಕ್ಕೂ ಬಿಡಿಸಿ ಹೇಳಿದರು. ಹಸನಬಿ ಗೋಡೆಗೆ ಒರಗಿ ನಿಂತು, ಇಷ್ಟು ಸಣ್ಣ ಮಾತುಗಳನ್ನು ತಾನೇಕೆ ಕೇಳಲಿಲ್ಲ ಎಂದು ಕೊರಗಿದಳು.

ಕೃಷ್ಣಾಜಿ ಆಡಿದ ಹಾಗೇ ಕೀಲಿ ಕೊಟ್ಟು ಚೀಲ ಎತ್ತಿಸಿದ. ಮಗ್ಗ ಎದ್ದಿತು. ಜೈನಬಿ ರಾತ್ರಿ ಕೈಗೆ ಎಣ್ಣೆ ಹಚ್ಚಿ, ಹಗಲು ದಪ್ಪ ನೂಲಿನಿಂದ ಶುರು ಮಾಡಿದಳು. ಅತ್ತೆಯೊಡನೆ ಬೇಕಾದಷ್ಟೇ ಮಾತು.

ಮಗ್ಗ ಎದ್ದ ಮರುದಿನವೇ ಹಸನಬಿ ಎದುರುಮನೆಗೆ ಹೋದಳು. ಮೀರಾಬಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಕಿಟಕಿಯೊಳಗೆ ಅವಳ ಪಡಸಾಲೆಯಲ್ಲಿ ಕೃಷ್ಣಾಜಿಯ ಹತ್ತಿಕಾಳಿನ ಚೀಲಗಳು ತೊಲೆಯ ತನಕ ಏರಿದ್ದು ಕಾಣುತ್ತಿತ್ತು. ಹಸನಬಿ ನಿಂತೇ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಲಿಲ್ಲ.

"ನೀ ಒಲ್ಲೆ ಅಂದ್ರು ಅಂದಿ. ನಾ ಹೋಗ್ಲೇ ಇಲ್ಲ" ಎಂದಳು ಮೀರಾಬಿ.

"ಹೌದು ಆಪಾ. ನಾಳೆ ಜೈನಬಿ ನಿಮ್ಮನ್ನ ಕರ್ಕೊಂಡ ಹೋಗ್ತೀನಿ ಅಂದಾಳ. ಆಕೀಗೆ ಎಲ್ಲಾ ಗೊತ್ತೈತಿ."

"ನೀ ಬರಾಂಗಿಲ್ಲೇನು?"

"ಕರದ್ರ ಬರ್ತೀನಿ."

ಮೀರಾಬಿ ಕರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ. ಮೊರದಲ್ಲಿನ ಜೋಳವನ್ನು ಕೇರಿ ಹರಳು ಆರಿಸತೊಡಗಿದಳು. ಹಸನಬಿ ಬಾಗಿಲ ಬದಿಗೆ ಕೂತು, ತಾನೂ ಒಂದು ಹಿಡಿ ಜೋಳ ಸೆರಗಿಗೆ ಎಳೆದುಕೊಂಡಳು. ಎದುರಿನ ಮನೆಯಲ್ಲಿ ಜೈನಬಿ ಒಬ್ಬಳೇ ಹಣಿಗೆ ಬಡಿಯುವ ಸಪ್ಪಳ ನಡುನಡುವೆ ನಿಂತು ನಿಂತು ಬರುತ್ತಿತ್ತು.