ಹೊಸಿಲ ಮುಂದೆ ಕೈ ಎತ್ತುವ ಕೂಸು

ನವೆಂಬರ್ 9, ಭಾನುವಾರ, ಬೆಳಗ್ಗೆ 10:20. ಮದ್ದೂರಿನ ನಮ್ಮ ಮನೆಯಲ್ಲಿ ಅಕ್ಕನ ಒಂಬತ್ತು ತಿಂಗಳ ಮಗಳು ಅಂಬೆಗಾಲಿಟ್ಟು ಬಂದು ಮೊದಲ ಸಲ ಹೊಸಿಲ ಮೇಲೆ ಕೈಯಿಟ್ಟಳು. ಅವಳು ಹೊಟ್ಟೆಯಲ್ಲಿದ್ದಾಗ ಒದ್ದದ್ದನ್ನೆಲ್ಲ ಎಣಿಸಿ ಗೀಟು ಹಾಕಿದವಳು ನಾನೇ. ಇದಕ್ಕೂ ಒಂದು ಗೀಟು ಹಾಕಿದೆ.

ಅವ್ವ ಓಡಿಬಂದು ಎತ್ತಿಕೊಂಡಳು. “ತಡಿ ಮಗ, ಮಳವಳ್ಳಿಯಿಂದ ನಿಮ್ಮಪ್ಪನ ಕಡೆಯೋರು ಬರ್ಲಿ. ಒಬ್ಬಟ್ಟು ಮಾಡಿ ದಾಟುಸ್ತೀನಿ.” ಮಗು ಮೊದಲ ಸಲ ಹೊಸಿಲು ದಾಟುವಾಗ ಎರಡೂ ಮನೆಯವರು ಇರಬೇಕೆಂಬುದು ಅವಳ ಹಟ.

ಬೀಗರು ಬಂದದ್ದು 23ಕ್ಕೆ. ಅಷ್ಟರಲ್ಲಿ ಮಗು ಹೊಸಿಲಿಗೆ ಹೋದದ್ದು ಮೂವತ್ತೊಂದು ಸಲ, ನಾವು ಎತ್ತಿಕೊಂಡದ್ದೂ ಮೂವತ್ತೊಂದು ಸಲ. ಅಂದು ಎಲ್ಲರ ಎದುರು ಅವಳು ಹೊಸಿಲವರೆಗೆ ಬಂದು, ಕೂತು, ಎರಡೂ ಕೈ ಮೇಲೆತ್ತಿದಳು. ಎಷ್ಟು ಕರೆದರೂ ದಾಟಲಿಲ್ಲ.

“ಏನ್ ಬೀಗಿತ್ತಿ, ನಮ್ಗೆ ಒಬ್ಬಟ್ಟು ಇಕ್ಕೋಕೆ ಇಷ್ಟ ಇಲ್ವಾ?” ಎಂದು ಅಕ್ಕನ ಅತ್ತೆ ನಕ್ಕರು.

ಅಕ್ಕ ನಗಲಿಲ್ಲ. “ಕಾಲಲ್ಲಿ ಏನಾರ ತೊಂದ್ರೆ ಅದಾ ಅವ್ವ?” ಎಂದಳು.

ಮಂಡ್ಯದ ಡಾಕ್ಟರು ಕಾಲು ಮಡಿಸಿ ನೋಡಿ ಸರಿಯಾಗಿದೆ ಎಂದರು. ಅಂಗಳದಲ್ಲಿ ಬಿಟ್ಟರೆ ಅವಳು ಸರಸರ ಹರಿಯುತ್ತಾಳೆ. ಆದರೂ ಅಕ್ಕನಿಗೆ ಸಮಾಧಾನವಿಲ್ಲ. ತಾನಾಗಿ ದಾಟಲೆಂದು ಈಗ ಆರು ದಿನದಿಂದ ಯಾರೂ ಎತ್ತುತ್ತಿಲ್ಲ. ಮಗು ಹೊಸಿಲ ಮುಂದೆ ಕೈ ಎತ್ತಿ ಕಾಯುತ್ತದೆ, ಆಮೇಲೆ ಅಳುತ್ತದೆ. ಅವಳಿಗೆ ಬರುವುದಿಲ್ಲವೋ, ಬೇಡವೆಂದು ನಾವೇ ಕಲಿಸಿಬಿಟ್ಟೆವೋ, ನನ್ನ ಗೀಟುಗಳಿಂದ ತಿಳಿಯುತ್ತಿಲ್ಲ. ನಿಮ್ಮ ಮನೆಯ ಕೂಸು ಹೀಗೆ ನಿಂತದ್ದಿದ್ದರೆ, ಎಷ್ಟನೆಯ ದಿನ ದಾಟಿತೆಂದು ದಯವಿಟ್ಟು ಬರೆಯಿರಿ. ಅಕ್ಕನಿಗೆ ಓದಿ ಹೇಳಬೇಕು.