ಬಿಡಿಸಿ ಬರೆದ ಅರ್ಜಿ

ನನ್ನ ಟೈಪಿಂಗ್ ಮಾಸ್ತರರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಪದ ಕತ್ತರಿಸಿ ಇಡುವ ಚುಕ್ಕಿಯ ಮೇಲಂತೂ ಮೊದಲೇ ಇಲ್ಲ. ಬೀಳಗಿ ಕಡೆಯ ಅವರ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವಾಗ ಊರವರ ಪರಿಹಾರದ ಅರ್ಜಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟವರು ಅವರೇ. ಆಮೇಲೆ ಬನಹಟ್ಟಿಗೆ ಬಂದು, ಮಗ್ಗಗಳ ಖಟಪಟದ ನಡುವೆ ಕ್ಲಾಸು ತೆರೆದರು. ನಾವು ಯಾರಾದರೂ ಗವರ್ನಮೆಂಟ್ ಎಂಬುದನ್ನು ನಾಲ್ಕಕ್ಷರಕ್ಕೆ ಇಳಿಸಿ ಚುಕ್ಕಿಯಿಟ್ಟರೆ, ಆ್ಯಂಡ್ ಎಂದು ಬರೆಯುವ ಕಡೆ ಆ ಡೊಂಕು ಚಿಹ್ನೆ ಹೊಡೆದರೆ, ಹಾಳೆ ಎಳೆದು ಹರಿದುಬಿಡುತ್ತಿದ್ದರು.

"ಗಿಡ್ಡ ಬರೀಬ್ಯಾಡ್ರಿ. ನೀವು ಗಿಡ್ಡ ಬರದ್ರ ಕಚೇರಿಯವ್ರು ತಮಗ ಬೇಕಾದಂಗ ಉದ್ದ ಮಾಡ್ಕೋತಾರ."

ಇಲಾಖೆಯ ಹೆಸರನ್ನು ಮೊದಲ ಸಲ ಪೂರ್ತಿ ಬರೆದು, ಪಕ್ಕದಲ್ಲಿ ಕಂಸ ಹಾಕಿ ಗಿಡ್ಡ ಹೆಸರು ಕೊಟ್ಟ ಮೇಲಷ್ಟೇ ಅದನ್ನು ಮುಂದೆ ಬಳಸಬಹುದಿತ್ತು. ಶೇಕಡಾ ಚಿಹ್ನೆ ಕೋಷ್ಟಕ ಬಿಟ್ಟು ಹೊರಗೆ ಬರಕೂಡದು. ಎಟ್ಸೆಟ್ರಾ ಎಂದು ಬರೆದವನು ಕಳ್ಳ.

ಆ ಅನುಮಾನ ನನಗೂ ಅಂಟಿತು. ಟೈಪಿಂಗಿನ ಸೀನಿಯರ್ ಪರೀಕ್ಷೆ ಹತ್ತಿರ ಬಂದಿತ್ತು, ಪಾಸಾದರೆ ನೌಕರಿಗೆ ಅರ್ಜಿ ಹಾಕುವವಳಿದ್ದೆ. ಮನೆಯಲ್ಲಿ ನೋಡಿದರೆ ಅಪ್ಪ ಸಂಬಂಧ ಹುಡುಕುವ ಮಧ್ಯಸ್ಥನ ಜೊತೆ ಗುಸುಗುಸು. ನಾನು ಒಳಗೆ ಕಾಲಿಟ್ಟರೆ ಇಬ್ಬರೂ ನೂಲಿನ ದರದ ಮಾತು ತೆಗೆಯುತ್ತಿದ್ದರು. ಅವ್ವನನ್ನು ಕೇಳಿದೆ.

"ಏನಿಲ್ಲ ಬೇ, ಮುಧೋಳದವ್ರು ಸುಮ್ಮ ಬಂದು ಹೋಗ್ತಾರ."

ಸುಮ್ಮನೆ ಬಂದು ಹೋಗುವವರಿಗೆ ಟ್ರಂಕಿನ ಇಳಕಲ್ ಸೀರೆ ಯಾಕೆ ಹೊರಗೆ ಬರಬೇಕು? ಅಪ್ಪ ಮಾತು ಕೊಟ್ಟು ಕೂತಿದ್ದಾನೆಂದು ಖಾತ್ರಿಯಾಯಿತು. ಹುಡುಗನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಸೊಸೆ ಹೊಸ್ತಿಲು ದಾಟಿ ದುಡಿಯುವ ಪದ್ಧತಿ ಅವರ ಮನೆಯಲ್ಲಿಲ್ಲ ಎಂಬುದು ಕಿವಿಗೆ ಬಿದ್ದಿತ್ತು. ಅಂದರೆ ನನ್ನ ಪರೀಕ್ಷೆಯ ಕಥೆ ಮುಗಿದಂತೆಯೇ.

ಬಂದರು. ಜಮಖಾನೆಯ ಮೇಲೆ ಹುಡುಗ ತಲೆ ಬಗ್ಗಿಸಿ ಕೂತ. ಅವನ ಸೋದರಮಾವ ನಿವೃತ್ತ ಇಂಗ್ಲಿಷ್ ಮಾಸ್ತರ, ಕನ್ಯಾ ನೋಡಲು ಕೆಂಪು ಪೆನ್ನು ಇಟ್ಟುಕೊಂಡೇ ಬಂದಿದ್ದ ಮಹಾಶಯ!

"ಇಂಗ್ಲಿಷ್ ಟೈಪಿಂಗ್ ಬರ್ತೈತಿ ಅಂತ ಹೇಳ್ಯಾರ. ಖರೇನೋ ಸುಳ್ಳೋ? ಒಂದು ರಜಾ ಅರ್ಜಿ ಬರಿ ತಂಗಿ, ನೋಡೂಣು."

ಬರೆದುಕೊಟ್ಟೆ. ಕೆಂಪು ಪೆನ್ನು ಹಾಳೆಯ ತುಂಬ ಓಡಾಡಿ ಬರಿಗೈಯಲ್ಲಿ ವಾಪಸು ಬಂತು. ಚುಕ್ಕಿಯಿಟ್ಟು ಕತ್ತರಿಸಿದ ಪದ ಒಂದೂ ಸಿಗಲಿಲ್ಲ, ಚಿಹ್ನೆ ಒಂದೂ ಇಲ್ಲ. ಅದಕ್ಕೇ ಅವರ ಸಂಶಯ ಹೆಚ್ಚಾಯಿತು.

"ಇಷ್ಟು ಶುದ್ಧ ನಮ್ಮ ಹೆಡ್‌ಮಾಸ್ತರಗೂ ಬರ್ತಿದ್ದಿಲ್ಲ. ಬಾಯಿಪಾಠ ಮಾಡೀದಿ. ಬ್ಯಾರೆ ಬರಿ."

"ಯಾವ ವಿಷಯರೀ?"

"ನಿನ್ನ ಮನಸಿಗಿ ಬಂದದ್ದು ಬರಿ."

ನನಗೆ ಮೈಯೆಲ್ಲ ಉರಿಯಿತು. ಮನಸ್ಸಿಗೆ ಬಂದದ್ದನ್ನೇ ಬರೆದೆ. ಅವರನ್ನೇ ಮಾನ್ಯರೇ ಎಂದು ಕರೆದು, ನಾನು ಸೀನಿಯರ್ ಪರೀಕ್ಷೆಗೆ ಕೂರಬೇಕಾಗಿದೆ, ನೌಕರಿಯನ್ನೂ ಮಾಡಬೇಕೆಂದಿದ್ದೇನೆ, ಆದಕಾರಣ ಈ ಸಂಬಂಧದಿಂದ ನನ್ನನ್ನು ಮುಕ್ತಗೊಳಿಸಬೇಕೆಂದು ವಿನಂತಿ ಎಂದು ಶುದ್ಧ ಇಂಗ್ಲಿಷಿನಲ್ಲಿ, ಪ್ರತಿ ಪದವನ್ನೂ ಬಿಡಿಸಿ ಬರೆದೆ.

ಅವರು ಸಾಲಿನ ಕೆಳಗೆ ಪೆನ್ನು ಹಿಡಿದು ತಪ್ಪನ್ನಷ್ಟೇ ಹುಡುಕುತ್ತ ಕೊನೆ ಮುಟ್ಟಿದರು. "ಒಂದೂ ತಪ್ಪಿಲ್ಲ" ಎಂದರು, ಬೇಜಾರಿನಿಂದಲೇ. ಆಮೇಲೆ ಏನನ್ನಿಸಿತೋ, ಮತ್ತೆ ಮೇಲಿನಿಂದ ಓದಿದರು. ಮುಖ ಕಪ್ಪಿಟ್ಟಿತು.

"ಏಳ್ರಿ, ಹೋಗೂಣು."

ಚಹಾ ಹಾಗೇ ಉಳಿಯಿತು. ಅವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಳು. ಅಪ್ಪನಿಗೆ ಇಂಗ್ಲಿಷ್ ಬಾರದು. ಜಮಖಾನೆಯ ಮೇಲಿನ ಹಾಳೆ ಎತ್ತಿ ನನ್ನ ಕೈಗಿಟ್ಟ.

"ಓದು. ಕನ್ನಡದಾಗ ಹೇಳು."

ಇವತ್ತು ಏಟು ತಪ್ಪಿದ್ದಲ್ಲ ಎಂದುಕೊಂಡು ಒಂದೊಂದೇ ಸಾಲು ಹೇಳಿದೆ. ಅಪ್ಪ ಹಾಳೆಯನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡ.

"ಇಷ್ಟುದ್ದ ಯಾಕ ಬರದಿ? ನನ್ನ ಮುಂದ 'ಒಲ್ಲೆ' ಅಂದಿದ್ರ ಆಗ್ತಿತ್ತಲ್ಲ ಯವ್ವಾ. ನಾ ಅವ್ರಿಗೆ ಇನ್ನಾ ಹೂಂ ಅಂದಿಲ್ಲ."

ಅಂಜಿಕೆಯೆಲ್ಲ ಒಮ್ಮೆಲೇ ಸಿಟ್ಟಾಯಿತು.

"ನೀ ಎಲ್ಲಿ ಕೇಳೀದಿ ಅಪ್ಪಾ, ನಾ ಹೇಳಾಕ?"

ಅಪ್ಪ ನನ್ನ ಮುಖ ನೋಡಿದ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ.

"ಖರೆ. ಕೇಳಲಿಲ್ಲ."

ಹಾಳೆಯನ್ನು ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡ. ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಪರೀಕ್ಷಾ ಯಾವಾಗೈತಿ?"