ಗಂಟೆ ಕೇಳಿ ಬರುತ್ತಿದ್ದ ನಾಯಿ

ನಮ್ಮಣ್ಣ ಒಳ್ಳೆಯದನ್ನೇ ಮಾಡಹೋದ. ಅದನ್ನು ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಬೇಕಂತಲೇ ಕೆಟ್ಟದ್ದು ಮಾಡಿದ್ದರೆ ಬಾಯಿತುಂಬ ಬೈದಾದರೂ ಬಿಡಬಹುದಿತ್ತು.

ಎಂಬತ್ತರ ದಶಕದ ಮಾತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ, ಅಣ್ಣ, ನಾನು, ಜೊತೆಗೊಂದು ಮುಧೋಳ ನಾಯಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು, ಉಳಿದದ್ದೆಲ್ಲ ನಾಯಿಯೊಂದಿಗೆ. ಅದನ್ನು ತಮ್ಮಾ ಎಂದೇ ಕರೆಯುತ್ತಿದ್ದಳು. ಬೆಳಿಗ್ಗೆ ಪೂಜೆಯ ಕೊನೆಗೆ ಅವಳು ಗಂಟೆ ಬಾರಿಸಿದರೆ ಸಾಕು, ಅದು ಎಲ್ಲಿದ್ದರೂ ಓಡಿಬಂದು ಹೊಸ್ತಿಲ ಹೊರಗೆ ಕೂತುಬಿಡುತ್ತಿತ್ತು. ಅವ್ವನ ಅಂಗೈಯಲ್ಲಿದ್ದ ಸಕ್ಕರೆ ಮೊದಲು ಅದಕ್ಕೆ. ಹೆತ್ತ ಮಗಳದ್ದು ಎರಡನೆಯ ಪಾಳಿ.

ಅದಕ್ಕಿದ್ದದ್ದು ಒಂದೇ ಚಟ, ಆಡು ಕಂಡರೆ ಬೆನ್ನಟ್ಟುವುದು. ಬೇಟೆಯ ಜಾತಿ, ಏನು ಮಾಡೀತು ಪಾಪ. ಹಗ್ಗ ಕಟ್ಟಿದರೆ ಕಡಿಯುತ್ತಿತ್ತು, ಸರಪಳಿ ಹಾಕಿದರೆ ಅನ್ನ ಬಿಡುತ್ತಿತ್ತು. ಒಮ್ಮೆ ಪಕ್ಕದ ಮನೆಯವನ ಆಡಿನ ಮರಿಯನ್ನು ಹಿಡಿದು ಕೊಂದೇಬಿಟ್ಟಿತು. ಅವನು ಜಗಳಕ್ಕೆ ಬರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಮೆಲ್ಲಗೆ ಹೇಳಿದ:

"ಯಕ್ಕಾ, ಇನ್ನೊಂದ್ ಮರಿ ಹೋತಂದ್ರ ನಾ ರೊಟ್ಟಿಯೊಳಗ ವಿಷಾ ಹಾಕಿ ಒಗೀತೇನಿ. ಹೇಳಲಿಲ್ಲ ಅನಬ್ಯಾಡ್ರಿ."

ಅವನು ಆಡಿದಂತೆ ಮಾಡುವವನೆಂದು ನಮಗೆ ಗೊತ್ತಿತ್ತು.

ಅಣ್ಣ ಕಲ್ಲಿನ ಕ್ವಾರಿಯ ಸಾಹುಕಾರರ ಜೀಪು ಓಡಿಸುತ್ತಿದ್ದ. ಅವರು ತಮ್ಮ ನಾಯಿಗೆಂದು ಪರದೇಶದಿಂದ ತರಿಸಿದ್ದ ಕೊರಳಪಟ್ಟಿಯನ್ನು ಕೇಳಿ ತಂದ. ಪಟ್ಟಿ ನಾಯಿಯ ಕೊರಳಿಗೆ, ಗುಂಡಿಯಿರುವ ಡಬ್ಬಿ ಅಣ್ಣನ ಕೈಗೆ. ಗುಂಡಿ ಒತ್ತಿದರೆ ದೂರದಿಂದಲೇ ಕೊರಳಿಗೆ ಕರೆಂಟು ಹೊಡೆಯುತ್ತಿತ್ತು. ಅವ್ವ ಬೇಡವೆಂದಳು. ವಿಷಕ್ಕಿಂತ ವಾಸಿಯಲ್ಲವೇ ಎಂದ ಅಣ್ಣ. ಅವ್ವ ಕಣ್ಣಿಂದ ನೋಡಲಾರೆ ಎಂದು ಕೂಡಲಸಂಗಮಕ್ಕೆ ತನ್ನ ಅಕ್ಕನ ಮನೆಗೆ ಹೊರಟುಹೋದಳು.

ಆಡುಗಳ ಕೊರಳಲ್ಲಿ ಸಣ್ಣ ಗಂಟೆಗಳಿದ್ದವು. ಗಂಟೆ ಕಿಣಿಕಿಣಿ ಎಂದೊಡನೆ ನಾಯಿ ಕಿವಿ ನಿಮಿರಿಸಿ ಏಳುತ್ತಿತ್ತು, ಅಣ್ಣ ಗುಂಡಿ ಒತ್ತುತ್ತಿದ್ದ. ಅದು ಕುಂಯ್ಯೆಂದು ನೆಲಕ್ಕೆ ಬೀಳುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಆಡು ಬಂದರೆ ನಾಯಿಯೇ ಹೆದರಿ ಓಡತೊಡಗಿತು. ನಾಯಿ ಬಾಲ ಡೊಂಕು ಅಂದವರು ಬಂದು ನೋಡಲಿ ಎಂದು ಅಣ್ಣ ಓಣಿತುಂಬ ಹೇಳಿಕೊಂಡು ಬಂದ. ಪಟ್ಟಿ ಬಿಚ್ಚಿ ಸಾಹುಕಾರರಿಗೆ ಮರಳಿಸಿದ.

ಅವ್ವ ಬಂದ ದಿನ ಅದು ಓಣಿಯ ತುದಿಗೇ ಹೋಗಿ ಅವಳ ಸುತ್ತ ಕುಣಿಯಿತು. ಮರುದಿನ ಬೆಳಿಗ್ಗೆ, ಕರೆಯುವ ಮೊದಲೇ ಹೊಸ್ತಿಲ ಹೊರಗೆ ಕೂತಿತ್ತು. ಅವ್ವ ಪೂಜೆ ಮುಗಿಸಿ ಗಂಟೆ ಎತ್ತಿ ಬಾರಿಸಿದಳು.

ನಾಯಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಕಿರುಚುತ್ತ ಹಿತ್ತಲಿಗೆ ಓಡಿ ಮುಳ್ಳುಪೊದೆಯಾಗಿ ಬೆಳೆದಿದ್ದ ಜಾಲಿಕಂಟಿಯೊಳಗೆ ಸೇರಿತು. ಅದರ ಕೊರಳಲ್ಲಿ ಪಟ್ಟಿ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆಡಿನ ಸಲುವಾಗಿ ನಾವು ಅವ್ವನ ಗಂಟೆಗೆ ಬರೆ ಹಾಕಿದ್ದೆವು.

ಅಂದಿನಿಂದ ಅವಳು ಗಂಟೆ ಬಾರಿಸಲಿಲ್ಲ. ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಮೂಲೆಗಿಟ್ಟಳು. ಪಕ್ಕದವನು, ಯಾರೂ ಕೇಳದಿದ್ದರೂ, ತನ್ನ ಆಡುಗಳ ಗಂಟೆಗಳನ್ನೆಲ್ಲ ಬಿಚ್ಚಿದ. ಏನೂ ಉಪಯೋಗವಾಗಲಿಲ್ಲ. ಎತ್ತಿನ ಗಾಡಿ ಹೋದರೆ, ಐಸ್‌ಕ್ಯಾಂಡಿಯವನು ಬಂದರೆ, ಶಾಲೆಯ ಗಂಟೆ ಹೊಡೆದರೆ ನಾಯಿ ನಡುಗುತ್ತಿತ್ತು. ಗಂಟೆಯಿಲ್ಲದ ಊರು ಎಲ್ಲಿಂದ ತರೋಣ? ಅಣ್ಣ ಕಂಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತ. ನಾನು ಸಮಾಧಾನ ಮಾಡಲಿಲ್ಲ.

ಅವ್ವ ಮಾತ್ರ ದಿನಾ ಪೂಜೆಯಾದ ಮೇಲೆ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತು ಅಂಗೈ ಚಾಚುತ್ತಿದ್ದಳು.

"ಬಾರೋ ತಮ್ಮಾ. ಗಂಟಿ ಇಲ್ಲೋ, ಬರೇ ಸಕ್ಕರಿ ಐತಿ."

ನಾಯಿ ಕಂಟಿಯೊಳಗಿಂದ ಅವಳನ್ನೇ ನೋಡುತ್ತಿತ್ತು, ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ಆಡಿನ ಮರಿಯೊಂದು ಸದ್ದಿಲ್ಲದೆ ಬಂದು ಆ ಅಂಗೈ ನೆಕ್ಕತೊಡಗಿತು. ನಾನು ಓಡಿಸಲು ಕೈಯೆತ್ತಿದೆ.

"ತಿನ್ನಲಿ ಬಿಡು," ಎಂದಳು ಅವ್ವ.

ಸಕ್ಕರೆ ಮುಗಿಯುವ ತನಕ ಕೈ ಹಾಗೇ ಹಿಡಿದುಕೊಂಡಿದ್ದಳು. ಮರಿಯ ಕಡೆ ಒಮ್ಮೆಯೂ ನೋಡಲಿಲ್ಲ, ಜಾಲಿಕಂಟಿಯನ್ನೇ ನೋಡುತ್ತಿದ್ದಳು.